ಕೆರೆಯಾಚೆಗೂ ಮುಟ್ಟುವ ಕೋವಿ

ಅಕ್ಕಿಯ ಮೊರ ಮುಂದೆ ಬಂದಾಗ ಶ್ರೀರಂಗಯ್ಯ ಕೈ ಹಾಕದೆ ಅದನ್ನು ಪಕ್ಕದವನಿಗೆ ದಾಟಿಸಿದ. ಅಂಗಳದಲ್ಲಿ ಹುಚ್ಚಣ್ಣನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದವರು ನಾಲ್ಕು ಕಾಳು ಅಕ್ಕಿಯನ್ನು ಅವನ ತುಟಿಗೆ ಮುಟ್ಟಿಸಿ ಹಿಂದೆ ಸರಿಯುತ್ತಿದ್ದರು. ಮುನಿಸಿದ್ದವರು ಬಾಯಿಗಕ್ಕಿ ಹಾಕಿದರೆ ಮುನಿಸು ಅಲ್ಲಿಗೆ ಮುಗಿಯುತ್ತದೆ. ಹಾಕದಿದ್ದರೆ ಸತ್ತವನು ಅದನ್ನು ಹೊತ್ತುಕೊಂಡೇ ಹೋಗುತ್ತಾನೆ ಎಂದು ಆ ಊರಿನ ನಂಬಿಕೆ.

"ಯಾಕ್ಲಾ ರಂಗ, ನಿಂಗೂ ಅವನ್ಗೂ ಏನ್ಲಾ ಮುನಿಸು?" ಎಂದ ಊರ ಹಿರಿಯ ಚಿಕ್ಕಣ್ಣ. "ಒಂದೇ ಬೀಡೀನ ಇಬ್ರು ಸೇದ್ದೋರು."

"ಆಮೇಕೆ ಹಾಕ್ತೀನಿ ಕಣಣ್ಣ."

"ಆಮೇಕೆ ಅಂದ್ರೆ? ಅವನು ಕಾಯ್ಕೊಂಡು ಕೂತಿರ್ತಾನಾ?"

"ಕಾಯ್ತಾನೆ ಬುಡಣ್ಣ," ಎಂದ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ವೀರಭದ್ರಯ್ಯ. "ಎತ್ತು ಕೊಳ್ಳಕ್ಕೂ ರಂಗ ಹೇಳ್ಬೇಕು, ಹೆಣ್ಣು ನೋಡಕ್ಕೂ ರಂಗ ಹೇಳ್ಬೇಕು. ಇವತ್ತು ಮಣ್ಣಿಗೋಗಕ್ಕೂ ರಂಗನೇ ಹೇಳ್ಲಿ ಅಂತ ಕೂತವ್ನೆ."

ಕೆಲವರು ನಕ್ಕರು. ಹೆಣದ ಪಕ್ಕದಲ್ಲಿದ್ದ ಸುವರ್ಣಮ್ಮ ಎದ್ದು ಬಂದಳು. ಗಂಡ ಸತ್ತ ಬೆಳಗಿನಿಂದ ಅವಳು ಜೋರಾಗಿ ಅತ್ತಿರಲಿಲ್ಲ.

"ಅಣ್ಣಯ್ಯ, ತಿಮ್ಮಕ್ಕ ಬರಾಕಿಲ್ಲ ಅಂತಾವ್ಳೆ. ಯಾರು ಹೋದ್ರೂ ಬಾಗ್ಲು ತೆಗೀತಿಲ್ಲ. ನೀನೊಂದ್ಸಲ ಹೋಗು. ಅವ್ಳ ಕೈ ಹಾಳು ಮಾಡ್ದೆ ಅಂತ ಕೊರಗಿ ಕೊರಗೇ ಹೋದ್ರು. ಅವ್ಳ ಅಕ್ಕಿ ಇಲ್ದೆ ಕಳ್ಸಬ್ಯಾಡ."

ಬೇರೆ ಯಾರಾದರೂ ಹೋಗಲಿ ಎನ್ನಬೇಕೆಂದುಕೊಂಡ ಶ್ರೀರಂಗಯ್ಯ. ಅವಳು ಕೈ ಮುಗಿದುಕೊಂಡೇ ನಿಂತಿದ್ದಳು. ಅವನು ಚಪ್ಪಲಿ ಹುಡುಕಿದ.

*

ಹಂದಿಗಳು ಎಳೆ ತೆಂಗಿನ ಸಸಿಗಳ ಬುಡ ಅಗೆದು ಹಾಳು ಮಾಡಿದ ವರ್ಷ, ತೊಂಬತ್ತಾರರಲ್ಲಿ, ಹುಚ್ಚಣ್ಣನಿಗೆ ಬೆಳೆ ಕಾಯಲು ಕೋವಿಯ ಲೈಸೆನ್ಸು ಸಿಕ್ಕಿತ್ತು. ಕೊಳ್ಳಲು ತುಮಕೂರಿಗೆ ಹೊರಟಾಗ ಮಿಲಿಟರಿಯಿಂದ ಬಂದಿದ್ದ ಶ್ರೀರಂಗಯ್ಯನನ್ನು ಕರೆದುಕೊಂಡು ಹೋದ.

ಅಂಗಡಿಯವನು ಜೋಡಿ ನಳಿಕೆಯ ಕೋವಿಯನ್ನು ಮುಂದಿಟ್ಟ. "ತೋಟಕ್ಕೆ ಇದೇ ಸರಿ ಯಜಮಾನ್ರೇ. ಸಣ್ಣ ಗುಂಡಿನ ಚರೆ ತೋಟಾ ಹಾಕಿ ಹೊಡೀರಿ. ಸ್ವಲ್ಪ ದೂರ ಹೋಗಿ ಬಿದ್ದೋಗುತ್ತೆ. ಸುತ್ತ ಜನ ಓಡಾಡೋ ಜಾಗ ಅಲ್ವಾ?"

ಹುಚ್ಚಣ್ಣ ಅದನ್ನೇ ಕೈಗೆತ್ತಿಕೊಂಡ. ಹೆಗಲಿಗಿಟ್ಟು ನೋಡಿ ಸಣ್ಣಗೆ ನಕ್ಕ. ಅದು ಅವನಿಗೆ ಒಪ್ಪಿತ್ತು.

ಶ್ರೀರಂಗಯ್ಯ ಗೋಡೆಯಲ್ಲಿದ್ದ ರೈಫಲ್ಲನ್ನು ಇಳಿಸಲು ಹೇಳಿದ. ಚಿಲಕದಂಥ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದು ಅವನಿಗೆ ಹಿತವಾಯಿತು.

"ಇದು ತಗೊಳ್ಲಾ. ಮಿಲ್ಟ್ರೀಲಿ ನಾನು ಹಿಡಿದಿದ್ದು ಇದರಣ್ಣನ್ನ. ಒಂದೇ ಗುಂಡು, ಬೆರಳುದ್ದ. ಕೆರೆ ಏರಿ ಮ್ಯಾಲೆ ನಿಂತ್ರೆ ಆಚೆ ದಡ ಮುಟ್ತದೆ. ಚರೆ ಎರಚೋದು ಗುಬ್ಬಿ ಹೊಡಿಯೋರ್ಗೆ."

"ನಮ್ ತೋಟ ಅಷ್ಟುದ್ದ ಇಲ್ವಲ್ಲೋ."

"ಹಂದಿ ನಿನ್ ತೋಟದಾಗೇ ನಿಂತ್ಕೊಂಡಿರ್ತದಾ?"

ಅಂಗಡಿಯವನು ಮತ್ತೇನೋ ಹೇಳಲು ಹೋದ. "ನಂಗೆ ಕೋವಿ ಹೇಳ್ಕೊಡ್ಬೇಡಿ ಸ್ವಾಮಿ," ಎಂದು ಶ್ರೀರಂಗಯ್ಯ ಬಾಯಿ ಮುಚ್ಚಿಸಿದ. ತೋಟಾಗಳನ್ನೂ ಅವನೇ ಬೆಳಕಿಗೆ ಹಿಡಿದು ಆರಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಹುಚ್ಚಣ್ಣ ಕೇಳಿದ: "ತಪ್ಪೋದ್ರೆ ಈ ಗುಂಡು ಎಲ್ಲಿಗೋಯ್ತದೆ ಕಣ್ಲಾ?"

"ತಪ್ಪೋದ್ ಯಾಕೆ?" ಎಂದು ಶ್ರೀರಂಗಯ್ಯ ನಕ್ಕಿದ್ದ.

ರಾಗಿ ಕೊಯ್ಲಿನ ಹೊತ್ತಿಗೆ ಹುಚ್ಚಣ್ಣನ ಗುರಿ ತಪ್ಪಿತು. ಹಂದಿ ಏರಿ ಹತ್ತಿ ಆಚೆ ಇಳಿಯಿತು. ಗುಂಡು ನೀರು ದಾಟಿ ಹೋಗಿ, ನೆನೆಹಾಕಿದ ತೆಂಗಿನ ಮಟ್ಟೆ ಎಳೆಯುತ್ತಿದ್ದ ತಿಮ್ಮಕ್ಕನ ಬಲ ಮುಂಗೈಯನ್ನು ಒಡೆಯಿತು. ನಾರಿನ ಹಗ್ಗ ಹೊಸೆದು ಬದುಕುತ್ತಿದ್ದ ಹೆಂಗಸು ಅವಳು.

ಪಂಚಾಯ್ತಿಯಲ್ಲಿ ಚಿಕ್ಕಣ್ಣ ಕೇಳಿದ್ದ: "ಹಂದಿ ಓಡಿಸಕ್ಕೆ ಅಂಥಾ ಕೋವಿ ಯಾಕಪ್ಪ ಬೇಕಿತ್ತು ನಿಂಗೆ?"

"ಆಸೆ ಬಿತ್ತು ಕಣಣ್ಣ," ಎಂದಿದ್ದ ಹುಚ್ಚಣ್ಣ. ಶ್ರೀರಂಗಯ್ಯ ಗುಂಪಿನ ಹಿಂದೆ ನಿಂತಿದ್ದ. ಹುಚ್ಚಣ್ಣ ಅವನ ಕಡೆ ನೋಡಲಿಲ್ಲ. ಆಮೇಲೆ ಕೂಡ ಆ ಮಾತೆತ್ತಲಿಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದು ಮರುದಿನ ಎಂದಿನಂತೆ ಬೀಡಿ ಚಾಚಿದ. ಶ್ರೀರಂಗಯ್ಯ ತೆಗೆದುಕೊಂಡು ಸೇದಿದ.

*

ತಿಮ್ಮಕ್ಕ ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ.

"ನೀನ್ಯಾಕೆ ಬಂದೆ ರಂಗಣ್ಣ?"

"ಬಾಯಿಗಕ್ಕಿ ಹಾಕ್ಬಾ ತಿಮ್ಮಕ್ಕ. ಅವನದೇನೂ ತಪ್ಪಿಲ್ಲ."

"ಗುಂಡು ಹೊಡ್ದೋನ್ದು ತಪ್ಪಿಲ್ದೆ ಮಟ್ಟೆ ಎಳೀತಿದ್ದೋಳ್ದಾ?"

"ಅಂಥಾ ಕೋವಿ ಬ್ಯಾಡ ಅಂದಿದ್ದ ಅವನು. ಅಂಗ್ಡಿಯೋನೂ ಬ್ಯಾಡ ಅಂದ."

"ಮತ್ಯಾರು ಬೇಕು ಅಂದೋರು?"

ಶ್ರೀರಂಗಯ್ಯ ಹೊಸ್ತಿಲು ನೋಡುತ್ತಾ ನಿಂತ. ತಿಮ್ಮಕ್ಕ ಅವನ ಮುಖವನ್ನೇ ನೋಡಿದಳು. ಅವಳಿಗೆ ಬೇರೆ ಉತ್ತರ ಬೇಕಾಗಲಿಲ್ಲ.

"ಅವನು ವರ್ಸ ವರ್ಸ ಬಂದು ಈ ಜಗುಲಿ ಮ್ಯಾಲೆ ಕೂತಿದ್ದೋಗೋನು. ಉಗಿದ್ರೂ ಬರೋನು. ನೀರೂ ಕೊಡ್ಲಿಲ್ಲ ನಾನು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನೀನು ಇವತ್ತು ಬಂದಿದೀಯ. ಅದೂ ಅವನು ಸತ್ತಿದ್ಕೆ."

ಬಾಗಿಲು ಎಳೆದುಕೊಂಡು ಅವಳೇ ಮುಂದೆ ನಡೆದಳು.

ಅಂಗಳದಲ್ಲಿ ಜನ ದಾರಿ ಬಿಟ್ಟರು. ಅವಳು ಮೊರಕ್ಕೆ ಎಡಗೈ ಹಾಕಿದಳು.

"ಎಡಗೈ ಬ್ಯಾಡ ಕಣವ್ವ," ಎಂದ ಚಿಕ್ಕಣ್ಣ ಮೆಲ್ಲಗೆ.

"ಬಲಗೈ ಮ್ಯಾಕೇಳಾಕಿಲ್ಲ ಕಣಪ್ಪ." ಅವಳು ತಿರುಗಿದಳು. "ರಂಗಣ್ಣ, ನೀನು ಹಿಡ್ಕೊ ಬಾ."

ಶ್ರೀರಂಗಯ್ಯ ಅವಳ ಮುಂಗೈ ಹಿಡಿದ. ಇಷ್ಟು ವರ್ಷ ಆ ಕಡೆ ನೋಡದೆ ನಡೆದುಹೋದವನು. ಮೂಳೆ ಅಡ್ಡಾದಿಡ್ಡಿಯಾಗಿ ಕೂಡಿತ್ತು. ನಡುವೆ ಹೆಬ್ಬೆರಳು ಕೂರುವಷ್ಟು ತಗ್ಗು. ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸುವರ್ಣಮ್ಮ ಕೊಟ್ಟ ಅಕ್ಕಿಯನ್ನಿಟ್ಟು, ಆ ಕೈಯನ್ನು ಹುಚ್ಚಣ್ಣನ ತುಟಿಯವರೆಗೆ ಒಯ್ದ. ಕೆಲವು ಕಾಳು ತುಟಿಗೆ ಅಂಟಿದವು. ಉಳಿದವು ಹೆಣದ ಎದೆಯ ಮೇಲೆ ಉದುರಿದವು.

"ಹೋಗ್ಬಾರಪ್ಪ," ಎಂದಳು ತಿಮ್ಮಕ್ಕ.

ಹೆಣವನ್ನು ಚಟ್ಟದ ಮೇಲೆ ಮಲಗಿಸಿ ಕಟ್ಟಿದರು. ವೀರಭದ್ರಯ್ಯ ಕೂಗಿದ, "ರಂಗ, ಮುಂದ್ಗಡೆ ಹೆಗ್ಲು ಕೊಡು ಬಾರ್ಲಾ!"

ಶ್ರೀರಂಗಯ್ಯ ಅಲುಗಲಿಲ್ಲ. ಬಿಟ್ಟರೆ ಆ ಕೈ ಬಿದ್ದುಬಿಡುತ್ತಿತ್ತು. ತಿಮ್ಮಕ್ಕ ಎಡಗೈಯಿಂದ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಮತ್ತೊಮ್ಮೆ ಕೂಗಿ, ಕಾದು, ಕೊನೆಗೆ ಬೇರೆ ಯಾರೋ ಆ ಮೂಲೆಗೆ ಹೆಗಲು ಕೊಟ್ಟರು. ಚಟ್ಟ ಎದ್ದು ತೋಟದ ಕಡೆ ತಿರುಗಿತು. ಗಂಡಸರೆಲ್ಲ ಅದರ ಹಿಂದೆ ಹೋದರು. ಉಳಿದ ಹೆಂಗಸರ ನಡುವೆ ಅವನೊಬ್ಬ ಆ ಕೈ ಹಿಡಿದುಕೊಂಡು ನಿಂತಿದ್ದ.