ಏಳನೇ ಪೊಟ್ಟಣ

ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಪುಸ್ತಕವನ್ನು ತೂಕ ನೋಡಿ ಆರಿಸುತ್ತಾರೆ. ಹಗುರವಾಗಿದ್ದರೆ ಒಳ್ಳೆಯದು, ನಡುನಡುವೆ ಚಿತ್ರವಿದ್ದರೆ ಇನ್ನೂ ಒಳ್ಳೆಯದು. ಪಾಠ ಹೇಳುವವರೇನೂ ಅವರಿಗಿಂತ ಮೇಲಲ್ಲ. ಭೌತಶಾಸ್ತ್ರದ ಮೇಷ್ಟ್ರು ಹನ್ನೊಂದು ವರ್ಷದಿಂದ ಒಂದೇ ಸಮುದ್ರಯಾನದ ಪುಸ್ತಕವನ್ನು ತಿರುಗಿ ತಿರುಗಿ ತಮ್ಮ ಹೆಸರಿಗೆ ಬರೆಸಿಕೊಂಡು ಮನೆಗೆ ಒಯ್ಯುತ್ತಿದ್ದಾರೆ. ಇನ್ನೂ ಹಡಗು ಹತ್ತಿಲ್ಲ.

ಇಪ್ಪತ್ತೊಂಬತ್ತು ವರ್ಷ ಈ ಗ್ರಂಥಾಲಯದ ಮೇಜಿನ ಹಿಂದೆ ಕೂತು ನಾನು ಕಲಿತ ವಿದ್ಯೆ ಒಂದೇ: ಮುಖ ನೋಡಿ ಪುಸ್ತಕ ಕೊಡುವುದು. ಪರೀಕ್ಷೆಯಲ್ಲಿ ಫೇಲಾದವನಿಗೆ ಒಂದು, ಪ್ರೀತಿಯಲ್ಲಿ ಫೇಲಾದವನಿಗೆ ಇನ್ನೊಂದು, ಎರಡರಲ್ಲೂ ಪಾಸಾಗಿ ಜಂಬ ಕೊಚ್ಚುವವನಿಗೆ ದಪ್ಪದ್ದು ಮತ್ತೊಂದು. ಈ ವಿಷಯದಲ್ಲಿ ನನಗೂ ಸ್ವಲ್ಪ ಜಂಬ ಉಂಟು. ಸ್ವಲ್ಪ ಅಂದದ್ದು ಸಂಕೋಚಕ್ಕೆ.

ಈ ವರ್ಷ ಒಂದು ಹೊಸ ಉಪಾಯ ಹೂಡಿದೆ. ನಲವತ್ತು ಕಾದಂಬರಿಗಳನ್ನು ಕಂದು ಕಾಗದದಲ್ಲಿ ಕಟ್ಟಿ, ಮೇಲೆ ಹೆಸರು ಬರೆಯದೆ ಒಂದು ನಂಬರು ಮತ್ತು ಮೂರು ಸಾಲು ಮಾತ್ರ ಬರೆದು ಮೇಜಿನ ಮೇಲಿಡುವುದು. ಇಷ್ಟವಾದ ಪೊಟ್ಟಣ ತೆಗೆದುಕೊಂಡು ಹೋಗಬೇಕು, ಮನೆಗೆ ಹೋದ ಮೇಲೆಯೇ ಬಿಚ್ಚಬೇಕು. ತೂಕ ನೋಡುವವರು ಏನು ಮಾಡುತ್ತಾರೋ ನೋಡೋಣ ಅನ್ನುವುದು ನನ್ನ ಹಟ.

ಪೊಟ್ಟಣ ಕಟ್ಟುವ ಕೆಲಸ ಶುಕ್ರವಾರ ಸಂಜೆ ಮನೆಯಲ್ಲೇ ನಡೆಯಿತು. ಮನೆಯಲ್ಲಿರುವುದು ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ: ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ನಿಲುವುಗನ್ನಡಿ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜಿನ ಮೇಲೆ ನಾನು ಪುಸ್ತಕಗಳನ್ನು ಪೇರಿಸಿದೆ, ಅಕ್ಕ ದೊಡ್ಡ ಕತ್ತರಿಯಲ್ಲಿ ಕಾಗದ ಕತ್ತರಿಸಿಕೊಟ್ಟಳು, ನಾನು ಸುತ್ತಿ ಅಂಟಿಸಿದೆ. ನಲವತ್ತು ಚೀಟಿ, ನಲವತ್ತು ಪೊಟ್ಟಣ. ಲೆಕ್ಕ ಸರಿಹೋಯಿತು ಎಂದು ನೆಮ್ಮದಿಯಾಗಿ ಮಲಗಿದೆ.

ಶನಿವಾರ ಬೆಳಿಗ್ಗೆ ನಮ್ಮ ಪ್ರಿನ್ಸಿಪಾಲ್ ಮೇಡಂ ಬಂದು ಎಲ್ಲರಿಗಿಂತ ಮೊದಲು ಒಂದು ಪೊಟ್ಟಣ ಎತ್ತಿದರು. ಮೇಡಂ ಸುತ್ತೋಲೆ ಬಿಟ್ಟು ಬೇರೇನನ್ನೂ ಓದುವವರಲ್ಲ, ಆದರೆ ಫೋಟೋಗೆ ಚೆನ್ನಾಗಿ ನಿಲ್ಲುತ್ತಾರೆ. ಏಳನೇ ನಂಬರಿನ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು: "ಒಂದೇ ಊರಿನ ಹತ್ತಾರು ಹೆಂಗಸರು. ಒಬ್ಬೊಬ್ಬರ ಬಗ್ಗೆಯೂ ಇದ್ದದ್ದು ಇದ್ದ ಹಾಗೆ. ನಿಮಗೆ ಗೊತ್ತಿರುವವರು ಕಂಡರೆ ಆಶ್ಚರ್ಯಪಡಬೇಡಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ಮಗಳ ಊರಿಗೆ ಹೋಗಬೇಕೆಂದು ರೈಲು ಹಿಡಿಯಲು ಹೊರಟರು.

ಸಂಜೆ ಮನೆಗೆ ಬಂದರೆ ಅಕ್ಕ ಮೇಜಿನ ಕೆಳಗೆ ತಲೆ ಹಾಕಿಕೊಂಡಿದ್ದಳು.

"ನನ್ನ ಅಳತೆ ಪುಸ್ತಕ ನೋಡಿದ್ಯಾ?"

"ಅಲ್ಲೇ ಎಲ್ಲೋ ಇರುತ್ತೆ ಬಿಡು."

"ಅಲ್ಲೇ ಎಲ್ಲೋ ಇದ್ದಿದ್ದರೆ ನಾನ್ಯಾಕೆ ನೆಲ ಒರೆಸ್ತಿದ್ದೆ? ಬಟ್ಟೆ ಕೆಳಗೆ ಇದೊಂದು ಸಿಕ್ತು, ತಗೋ." ಅಕ್ಕ ನನ್ನ ಕೈಗೆ ಒಂದು ಕಾದಂಬರಿ ಕೊಟ್ಟಳು. ಹತ್ತಾರು ಹೆಂಗಸರ ಕಾದಂಬರಿ. ಏಳನೇ ಪೊಟ್ಟಣದಲ್ಲಿ ಇರಬೇಕಾದದ್ದು.

ತಪ್ಪು ಪೂರ್ತಿ ನನ್ನದೇ. ಅಕ್ಕನ ಅಳತೆ ಪುಸ್ತಕ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತ್ತೆಂದು, ಹೋದ ವರ್ಷ ನಾನೇ ನಮ್ಮ ಬೈಂಡರ್ ಕೈಲಿ ರಟ್ಟು ಹಾಕಿಸಿ, ಬೆನ್ನಿಗೆ ನೀಲಿ ಬಟ್ಟೆ ಅಂಟಿಸಿ ಕೊಟ್ಟಿದ್ದೆ. ನಮ್ಮ ಗ್ರಂಥಾಲಯದ ಹಳೆಯ ಕಾದಂಬರಿಗಳಿಗೆಲ್ಲ ಅದೇ ರಟ್ಟು, ಅದೇ ನೀಲಿ ಬೆನ್ನು.

"ಪೊಟ್ಟಣದಲ್ಲಿ ಸೇರಿಕೊಂಡಿದೆ ಅಂತ ಕಾಣುತ್ತೆ," ಅಂದೆ. "ಸೋಮವಾರ ತರ್ತೀನಿ."

ಅಕ್ಕ ಕುರ್ಚಿಯಲ್ಲಿ ಕುಸಿದಳು. "ಅದರಲ್ಲಿ ಬರೀ ಅಳತೆ ಇಲ್ಲ ಕಣೇ. ಬಂದವರ ಬಗ್ಗೆ ಒಂದೊಂದು ಮಾತು ಬರೆದಿದೀನಿ. ಹೆಸರಿಲ್ಲ ನಿಜ, ನಾನಿಟ್ಟ ಅಡ್ಡಹೆಸರು. ಆದ್ರೆ ಗೊತ್ತಾಗೋರಿಗೆ ಗೊತ್ತಾಗುತ್ತೆ. ನನ್ನ ಮುಂದೆ ನಿಂತು ಹೆಂಗಸರು ಏನೇನು ಹೇಳ್ಕೋತಾರೆ ಗೊತ್ತಾ? ಅದು ಹೊರಗೆ ಬಿತ್ತು ಅಂದ್ರೆ ನಾಳೆಯಿಂದ ಈ ಹೊಸ್ತಿಲು ಒಬ್ಬರೂ ದಾಟಲ್ಲ. ಮೂವತ್ತು ವರ್ಷದ ನಂಬಿಕೆ. ಯಾರ ಕೈಲಿದೆ ಅದು?"

"ಯಾರೋ ಒಬ್ಬರು. ಓದೋ ಪೈಕಿ ಅಲ್ಲ."

"ನೀನೂ ತೆಗೆದು ನೋಡಬಾರದು. ನನ್ನ ಮೇಲೆ ಆಣೆ."

ಆಣೆ ಮಾಡಿದೆ. ಭಾನುವಾರ ಅಕ್ಕ ಯಂತ್ರದ ಮುಂದೆ ಕೂತಳೇ ಹೊರತು ಚಕ್ರ ತಿರುಗಿಸಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಬೆಚ್ಚಿ ನೋಡುತ್ತಿದ್ದಳು. ಯಾವತ್ತೂ ಯಾರಿಗೂ ಹೆದರದ ನನ್ನ ಅಕ್ಕ ಹಾಗೆ ಕೂತದ್ದನ್ನು ನೋಡಿ ನನಗೆ ಅಳು ಬಂತು. ನನ್ನ ಪೊಟ್ಟಣಕ್ಕೂ ನನ್ನ ಜಂಬಕ್ಕೂ ಬೆಂಕಿ ಬೀಳಲಿ ಎಂದು ಬೈದುಕೊಂಡೆ.

ಸೋಮವಾರ ಮೇಡಂ ಬರುವ ಮೊದಲೇ ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಕಾದಂಬರಿಯನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡಿದ್ದೆ, ಬಿಚ್ಚಿಲ್ಲದಿದ್ದರೆ ಬದಲಾಯಿಸಿಬಿಡೋಣ ಎಂದು. ಮೇಡಂ ಬಂದವರೇ ನನ್ನ ಎರಡೂ ಭುಜ ಹಿಡಿದುಕೊಂಡರು.

"ಕಳ್ಳಿ ನೀವು! ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದಿರಲ್ಲ!"

ನಾನು ಕಾದಂಬರಿಯನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿ ಹಿಡಿದೆ.

"ಹೋಗ್ತಾ ಅರ್ಧ, ಬರ್ತಾ ಅರ್ಧ ಓದಿ ಮುಗಿಸಿದೆ. ಮೊದಲು ಈ ಅಂಕಿಗಳೆಲ್ಲ ಏನು ಅಂತ ತಲೆ ಕೆಟ್ಟಿತು. ಆಮೇಲೆ ಹೊಳೀತು. ಅಕ್ಕನ ಅಂಗಡೀಲಿ ಕೂತು ಕಥೆ ಬರೆದಿದ್ದೀರಿ, ದರ್ಜಿ ಬರೆದ ಹಾಗೆ! ಕೈಬರಹದ ಪ್ರತೀನ ನೇರವಾಗಿ ಕೊಡೋಕೆ ನಾಚಿಕೆ, ಅದಕ್ಕೇ ಪೊಟ್ಟಣ ಕಟ್ಟಿ ಮುಂದಿಟ್ಟಿರಿ. ಸರಿ ತಾನೇ?"

ಅಲ್ಲ ಅಂದರೆ ಅದು ನಿಜವಾದ ಅಳತೆ ಪುಸ್ತಕ, ಅಕ್ಕನ ಅಂಗಡಿಗೆ ಬೀಗ. ಹೌದು ಅಂದರೆ ನಾನು ಕಳ್ಳಿ. "ಹೌದು ಮೇಡಂ," ಅಂದೆ.

"ಇದನ್ನು ಕೇಳಿ." ಮೇಡಂ ಒಳಗೆ ಹೋಗಿ ಕೂತು, ಚೀಲದಿಂದ ಅಳತೆ ಪುಸ್ತಕ ತೆಗೆದು, ಕನ್ನಡಕ ಏರಿಸಿಕೊಂಡು ಓದತೊಡಗಿದರು. "ನೇರ ಬೆನ್ನಿನವರು. ಸೊಂಟ ಮೂವತ್ತಾರು. ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು ಮೂವತ್ತನಾಲ್ಕು ಮಾಡ್ತಾರೆ. ಮೂವತ್ತಾರಕ್ಕೇ ಹೊಲಿದು ಮೂವತ್ತನಾಲ್ಕು ಅಂತ ಹೇಳಬೇಕು. ಖುಷಿಯಾಗಿ ಹೋಗ್ತಾರೆ." ಅವರಿಗೆ ನಗು ತಡೆಯಲಾಗಲಿಲ್ಲ. "ಪಾಪ, ಎಂಥ ಪೆದ್ದಿ! ನಂದು ನೋಡಿ, ಹದಿನೈದು ವರ್ಷದಿಂದ ಮೂವತ್ತನಾಲ್ಕೇ. ನಿಮ್ಮ ಅಕ್ಕನನ್ನೇ ಕೇಳಿ ಬೇಕಾದ್ರೆ."

ಅಕ್ಕ ಮನೆಯಲ್ಲಿ ನೇರ ಬೆನ್ನಿನವರು ಎಂದು ಕರೆಯುವುದು ಯಾರನ್ನೆಂದು ನನಗೆ ಚೆನ್ನಾಗಿ ಗೊತ್ತು. ಕೆನ್ನೆಯ ಒಳಭಾಗವನ್ನು ಕಚ್ಚಿ ಹಿಡಿದು ನಿಂತೆ.

"ಬುಧವಾರ ಸ್ಟಾಫ್ ಮೀಟಿಂಗಿನಲ್ಲಿ ನಾನೇ ಓದ್ತೀನಿ," ಅಂದರು ಮೇಡಂ. "ಎಲ್ಲರೂ ಕೇಳಲಿ."

ನನ್ನ ನಗು ಅಲ್ಲೇ ಒಣಗಿತು. ಸ್ಟಾಫ್ ರೂಮಿನ ಅರ್ಧಕ್ಕರ್ಧ ಹೆಂಗಸರ ಬಟ್ಟೆ ಹೊಲಿಯುವುದು ಅಕ್ಕ. ಮೇಡಂ ತಮ್ಮನ್ನು ಗುರುತಿಸಿಕೊಳ್ಳದಿರಬಹುದು, ಆದರೆ ಹತ್ತು ಜನ ಒಟ್ಟಿಗೆ ಕೂತರೆ ಒಬ್ಬರನ್ನೊಬ್ಬರು ಗುರುತಿಸುವುದಕ್ಕೆ ಹತ್ತು ನಿಮಿಷ ಸಾಕು.

"ಬೇಡ ಮೇಡಂ, ಇನ್ನೂ ಸರಿಯಾಗಿಲ್ಲ ಅದು."

"ಎಲ್ಲ ಸರಿಯಾಗಿದೆ. ಒಂದೇ ಒಂದು ಪುಟ ಬಿಟ್ಟು." ಮೇಡಂ ಹಾಳೆ ತಿರುವಿದರು. ನಾನು ಆಣೆ ಮಾಡಿದ್ದು ತೆಗೆದು ನೋಡುವುದಿಲ್ಲ ಎಂದು. ಕಿವಿ ಮುಚ್ಚಿಕೊಳ್ಳುತ್ತೇನೆಂದು ಆಣೆ ಮಾಡಿರಲಿಲ್ಲ.

"ತಂಗಿ," ಎಂದು ಓದಿದರು ಮೇಡಂ. "ಅಳತೆ ಒಂಬತ್ತು ವರ್ಷ ಹಳೇದು. ನಿಲ್ಲು ಅಂದ್ರೆ ನಿಲ್ಲಲ್ಲ, ಅಂದಾಜಿಗೆ ಹೊಲಿ ಅಂತಾಳೆ. ಈಚೆಗೆ ಬಲ ಭುಜ ಇಳಿದಿದೆ, ಹೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ಒಳಗಿಂದ ಸ್ವಲ್ಪ ಎತ್ತಿ ಹೊಲೀತೀನಿ. ಊರಿಗೆಲ್ಲ ಮುಖ ನೋಡಿ ಪುಸ್ತಕ ಕೊಡ್ತಾಳೆ. ನನಗೆ ಒಂದೂ ಕೊಟ್ಟಿಲ್ಲ. ಕೇಳಿದ್ರೆ ಕೊಡ್ತಾಳೆ. ಆದ್ರೆ ಕೇಳಿ ಇಸ್ಕೊಂಡ್ರೆ ಏನು ಬಂತು?"

ಮೇಡಂ ಕನ್ನಡಕ ತೆಗೆದರು. "ನಿಮ್ಮನ್ನು ನೀವೇ ಗೇಲಿ ಮಾಡಿಕೊಂಡಿದ್ದೀರಿ, ಒಪ್ಪಿದೆ. ಆದ್ರೆ ಅತಿಯಾಯ್ತು. ಒಂದೇ ಮನೇಲಿದ್ದುಕೊಂಡು, ಪುಸ್ತಕದ ಕೆಲಸದಲ್ಲೇ ಇದ್ದು, ಒಂದು ಸಲವೂ ಕೊಡಲಿಲ್ಲ ಅಂದ್ರೆ ಯಾರು ನಂಬ್ತಾರೆ? ಅಂಥವರು ಇರ್ತಾರಾ ಎಲ್ಲಾದ್ರೂ?"

"ಇರ್ತಾರೆ ಮೇಡಂ," ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಆ ಪುಟ ತಿದ್ದಬೇಕು. ಕೊಡಿ ಇಲ್ಲಿ. ತಿದ್ದದೆ ಯಾರ ಮುಂದೆಯೂ ಓದಬಾರದು."

ಬರೆದವರ ಕಷ್ಟ ಬರೆದವರಿಗೇ ಗೊತ್ತು ಎಂಬಂತೆ ತಲೆಯಾಡಿಸಿ ಮೇಡಂ ಪುಸ್ತಕ ಕೊಟ್ಟರು. ಬದಲಿಗೆ ಕಾದಂಬರಿಯನ್ನು ಅವರ ಮೇಜಿನ ಮೇಲಿಟ್ಟು, ಇನ್ನೊಂದು ಮಾತು ಬರುವ ಮೊದಲೇ ಹೊರಬಿದ್ದೆ.

ಆ ದಿನ ಗ್ರಂಥಾಲಯದಲ್ಲಿ ನಾನು ಯಾರಿಗೂ ಏನೂ ಆರಿಸಿಕೊಡಲಿಲ್ಲ. ಅಕ್ಕನಿಗೆ ಕೊಡಲೆಂದು ಸಾಲು ಸಾಲು ಕಪಾಟು ಸುತ್ತಿದೆ. ಒಂದು ತೆಗೆದೆ, ಇಟ್ಟೆ. ಇನ್ನೊಂದು ತೆಗೆದೆ, ಅದನ್ನೂ ಇಟ್ಟೆ. ಭೌತಶಾಸ್ತ್ರದ ಮೇಷ್ಟ್ರ ಮನಸ್ಸಿನಲ್ಲಿರುವುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಐವತ್ತು ವರ್ಷ ಜೊತೆಗಿದ್ದವಳಿಗೆ ಏನು ಇಷ್ಟ ಎಂಬುದು ನನಗೆ ತಿಳಿದಿರಲಿಲ್ಲ. ಬರಿಗೈಯಲ್ಲಿ ಮನೆಗೆ ಹೋದೆ.

ಅಕ್ಕ ಅಳತೆ ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಕೇಳಿದಳು, "ಓದಿದ್ರಾ?"

"ಓದಿದ್ರು. ನಾನೇ ಬರೆದ ಕಥೆ ಅಂದ್ಕೊಂಡ್ರು. ಒಪ್ಕೊಂಡೆ. ಯಾರ ಗುಟ್ಟೂ ಆಚೆ ಬರಲ್ಲ."

"ನೀನು ಓದಿದ್ಯಾ?"

"ತೆಗೆದು ನೋಡಿಲ್ಲ. ಆದ್ರೆ ಒಂದು ಪುಟ ಕಿವಿಗೆ ಬಿತ್ತು."

ಯಾವ ಪುಟ ಎಂದು ಅಕ್ಕ ಕೇಳಲಿಲ್ಲ. ನನ್ನ ಮುಖ ನೋಡಿದಳು, ಕಿಟಕಿಯ ಕಡೆ ತಿರುಗಿದಳು, ಕತ್ತರಿಯನ್ನು ಅಲ್ಲಿಂದ ಇಲ್ಲಿಗೆ ಇಟ್ಟಳು. ನಾನು ಹೋಗಿ ನಿಲುವುಗನ್ನಡಿಯ ಮುಂದೆ ನಿಂತು ಎರಡೂ ಕೈ ಅಗಲಿಸಿದೆ.

"ಏನೇ ಇದು?"

"ಅಳತೆ ತಗೋ."

ಬೆನ್ನಿಗೆ ಟೇಪು ತಾಗಿತು. ಇಳಿದ ಭುಜದ ಮೇಲೆ ಅವಳ ಬೆರಳು ಒಂದು ಕ್ಷಣ ಹೆಚ್ಚಿಗೆ ನಿಂತಿತು.

"ಅಕ್ಕಾ, ನಿನಗೆ ಎಂಥ ಪುಸ್ತಕ ಬೇಕು? ನನಗೆ ಹೊಳೀತಿಲ್ಲ. ಕೇಳ್ತಿದೀನಿ, ತಪ್ಪು ತಿಳ್ಕೋಬೇಡ."

"ಅಕ್ಷರ ಸಣ್ಣದಿರಬಾರದು," ಅಂದಳು ಅಕ್ಕ ತಟ್ಟನೆ. "ಹೆಂಗಸರು ಅಳ್ತಾ ಕೂತಿರೋದು ಬೇಡ, ಅದು ಇಲ್ಲೇ ದಿನಾ ನೋಡ್ತೀನಿ. ಒಂದು ಕಳ್ಳತನ ಇರಲಿ. ಕೊಲೆಯಾದ್ರೂ ಅಡ್ಡಿಯಿಲ್ಲ. ಆದ್ರೆ ಮಾಡಿದವಳು ಸಿಕ್ಕಿಬೀಳಬಾರದು. ಕೊನೇಲಿ ಅವಳು ಹಡಗಿನಲ್ಲೋ ರೈಲಿನಲ್ಲೋ ದೂರ ಹೋಗ್ತಿರಬೇಕು, ಯಾರೂ ಹಿಂದೆ ಬರಬಾರದು."

ನನಗೆ ನಗು ಬಂತು. "ಇಷ್ಟೆಲ್ಲ ಯಾವಾಗ ಯೋಚಿಸಿ ಇಟ್ಟುಕೊಂಡೆ?"

"ನೀನು ಆ ಕೆಲಸಕ್ಕೆ ಸೇರಿದ ದಿನ," ಅಂದಳು ಅಕ್ಕ. "ಅಲ್ಲಾಡಬೇಡ."