ಹಗೇವಿನ ಬಾಯಲ್ಲಿ ನಿಂತವನು

ನನ್ನ ಗೆಳೆಯ ಯಾವ ಕೋಣೆಗೂ ನೇರವಾಗಿ ನುಗ್ಗಿದವನಲ್ಲ. ಹೊಸ್ತಿಲ ಬಳಿ ನಿಂತು, ಒಂದು ಕಾಲನ್ನು ಹೊರಗೇ ಇಟ್ಟುಕೊಂಡು, ಕತ್ತನ್ನಷ್ಟೇ ಒಳಗೆ ಚಾಚಿ, ಪರರ ಅಡುಗೆಮನೆಗೆ ಇಣುಕುವ ಬೆಕ್ಕಿನಂತೆ ಒಮ್ಮೆ ಉಸಿರೆಳೆದು, ಆಮೇಲೆಯೇ ಒಳಬರುತ್ತಿದ್ದ. ತರಗತಿಯಾಗಲಿ, ಸಿನಿಮಾ ಮಂದಿರವಾಗಲಿ, ಹೆಣ್ಣು ನೋಡಲು ಹೋದ ಮನೆಯಾಗಲಿ, ಈ ವಿಧಿ ತಪ್ಪಲಿಲ್ಲ. "ಏನ್ರೀ, ನಮ್ಮನೇಲಿ ಇಲಿಗಿಲಿ ಸತ್ತಿದೆಯಾ?" ಎಂದು ಅವನ ಅತ್ತೆ ಅವತ್ತೇ ಕೇಳಿಬಿಟ್ಟಿದ್ದರಂತೆ. ಕೃಷಿ ಕಾಲೇಜಿನಲ್ಲಿ ಅವನು ಧಾನ್ಯ ಸಂಗ್ರಹಣೆಯ ಪಾಠ ಹೇಳುತ್ತಿದ್ದ, ನಾನು ಮಣ್ಣಿನದು. ಅವನು ತೀರಿಹೋಗಿ ಇನ್ನೂ ತಿಂಗಳು ತುಂಬಿಲ್ಲ. ಬಾಗಿಲಲ್ಲಿ ಯಾರಾದರೂ ತಡೆದು ನಿಂತರೆ ನನ್ನ ಮಾತು ಅರ್ಧಕ್ಕೇ ನಿಂತುಹೋಗುತ್ತದೆ.

ಅವನ ಭಯ ಹುಟ್ಟಿದ್ದು ಮನೆಯ ಹಿತ್ತಲಿನಲ್ಲಿ. ಅಲ್ಲೊಂದು ಹಗೇವಿತ್ತು; ನೆಲದೊಳಗೆ ತೋಡಿ, ಕಾಳು ತುಂಬಿ, ಬಾಯಿ ಮುಚ್ಚಿಡುವ ಆಳದ ಗುಂಡಿ. ಮುಚ್ಚಿದ ಗುಂಡಿಯಲ್ಲಿ ಕಾಳು ಸುಮ್ಮನೆ ಮಲಗಿರುವುದಿಲ್ಲ. ನಮ್ಮಂತೆಯೇ ಉಸಿರಾಡುತ್ತದೆ, ಆಡಿ ಆಡಿ ಒಳಗಿನ ಜೀವದ ಗಾಳಿಯನ್ನೆಲ್ಲ ತಿಂದು ಮುಗಿಸುತ್ತದೆ. ಅಪ್ಪ ಇಳಿದು ಕುಸಿದ. ಎತ್ತಲು ಹೋದ ಚಿಕ್ಕಪ್ಪನೂ ಏಳಲಿಲ್ಲ. ಅವರ ಹಿಂದೆ ಅಮ್ಮ ಧುಮುಕುವುದರಲ್ಲಿದ್ದಳು. ಆಗಿನ್ನೂ ಹುಡುಗನಾಗಿದ್ದ ಇವನು ಅವಳ ಕಾಲು ತಬ್ಬಿಕೊಂಡವನು ಬಿಡಲಿಲ್ಲ. ಅಮ್ಮ ಉಳಿದಳು, ಬಹುಕಾಲ ಬದುಕಿದಳು. ಆದರೆ ಸಿಟ್ಟು ಬಂದಾಗಲೆಲ್ಲ, "ಅವತ್ತು ನನ್ನ ಬಿಟ್ಟುಬಿಡಬೇಕಿತ್ತು ಕಣೋ" ಎನ್ನುತ್ತಿದ್ದಳಂತೆ.

"ಹಗೇವಿನ ಆ ಕೆಟ್ಟ ಗಾಳಿಗೆ ವಾಸನೆಯೇ ಇಲ್ಲವಲ್ಲ, ಮೂಸಿ ಏನು ಪ್ರಯೋಜನ?" ಎಂದು ನಾನೊಮ್ಮೆ ಕೇಳಿದ್ದೆ.

"ಗೊತ್ತಪ್ಪಾ. ಭಯಕ್ಕೂ ಏನಾದ್ರೂ ಕೆಲಸ ಕೊಡಬೇಕಲ್ಲ," ಎಂದ.

ಹೊಸ ಹುಡುಗರು ಬಂದ ದಿನ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈ ಓದಿಗೆ ಯಾಕೆ ಬಂದಿರಿ? ಡಾಕ್ಟರ್ ಆಗೋಕೆ ಅಂಕ ಸಾಲಲಿಲ್ಲ ಸಾರ್. ಸರ್ಕಾರಿ ಕೆಲಸ ಬೇಗ ಸಿಗುತ್ತಂತೆ ಸಾರ್. ನಮ್ಮಪ್ಪ ಸೇರು ಅಂದ್ರು, ಸೇರಿದೆ. ಒಬ್ಬ ಮಹಾಶಯ, "ಇವಳು ಸೇರಿದಳು ಸಾರ್" ಎಂದು ಪಕ್ಕದ ಬೆಂಚು ತೋರಿಸಿದ್ದೂ ಉಂಟು. ಎಲ್ಲಕ್ಕೂ ಅವನು ತಲೆಯಾಡಿಸುತ್ತಿದ್ದ. ಮಣ್ಣಿನ ಪ್ರೀತಿ, ರೈತಸೇವೆ ಎಂದು ಶುರುಮಾಡಿದವರನ್ನು ಮಾತ್ರ, "ಕೂತ್ಕೊಳಪ್ಪಾ, ಉಸಿರು ಉಳಿಸ್ಕೋ" ಎಂದು ಕೂರಿಸುತ್ತಿದ್ದ.

ಅವನ ಮಗಳು ಅದೇ ತರಗತಿಗೆ ಬಂದು ಕುಳಿತ ವರ್ಷ ನಾನು ಹಿಂದಿನ ಸಾಲಿನಲ್ಲಿದ್ದೆ. ಅವಳ ಸರದಿ ಬಂದಾಗ ಎದ್ದು ನಿಂತು, "ನಮ್ಮಜ್ಜ ಬಿದ್ದಂಥ ಹಗೇವಿಗೆ ಇಳಿದು, ಬಿದ್ದವರನ್ನ ಮೇಲೆ ತರೋದು ಕಲಿಯೋಕೆ," ಎಂದಳು. ಹುಡುಗರು ಚಪ್ಪಾಳೆ ತಟ್ಟಿದರು. ಅವನು ಮಾತ್ರ ಹೊರಗೆ ಬಂದು ನನ್ನ ತೋಳು ಹಿಡಿದು, "ಕೇಳಿದ್ಯಾ? ಇಳಿಯೋ ಜಾತಿ ಅವಳು. ಚಿಕ್ಕಪ್ಪನ ಜಾತಿ," ಎಂದ. ಅಂದಿನಿಂದ ಅವನು ಇಡೀ ತರಗತಿಗೆ ಹೇಳಿದ ಪಾಠವೆಲ್ಲ ಅವಳೊಬ್ಬಳಿಗೇ ಹೇಳಿದ್ದು: ಇಳಿಯುವ ಪ್ರತಿ ಸಲವೂ ಗಾಳಿ ಪರೀಕ್ಷಿಸಿ. ಎದೆಗೆ ಹಗ್ಗ ಕಟ್ಟಿ. ಒಳಗಿದ್ದವನು ಬಿದ್ದರೆ, ಹೊರಗಿದ್ದವನು ಹೊರಗೇ ಇರಲಿ.

ಈ ಕೊನೆಯ ಮಾತನ್ನು ಕೇಳಿದಾಗಲೆಲ್ಲ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಕಾಲೇಜಿನಲ್ಲೂ ಪ್ರಯೋಗಕ್ಕೆಂದು ಒಂದು ಹಗೇವು ತೋಡಿಸಿದ್ದರು. ಅದರ ಉಸ್ತುವಾರಿ ಉಗ್ರಾಣದ ಮುದುಕನದು. ಹುಡುಗರಿಗೆಲ್ಲ ಆತ ದೊಡ್ಡಪ್ಪ. "ಹಗ್ಗ ಕಟ್ಟೋಕೆ ನಾನೇನು ಎತ್ತಾ ಮೇಷ್ಟ್ರೇ?" ಎಂದು ಗೊಣಗುತ್ತಲೇ ಕಟ್ಟಿಸಿಕೊಳ್ಳುತ್ತಿದ್ದ. ಒಂದು ಸಂಜೆ ಗಾಳಿ ಪರೀಕ್ಷಿಸಿದರು, ಚೆನ್ನಾಗಿತ್ತು. ಮಳೆ ಬಂತೆಂದು ಬಾಯಿ ಮುಚ್ಚಿದರು. ಮರುದಿನ ಬೆಳಿಗ್ಗೆ ನಾವು ಬರುವ ಮೊದಲೇ, "ನಿನ್ನೆ ತಾನೇ ನೋಡಿದ್ವಲ್ಲ ಮಗಳೇ" ಎಂದು ಅಲ್ಲಿದ್ದ ಗೆಳೆಯನ ಮಗಳಿಗೆ ಹೇಳಿ, ದೊಡ್ಡಪ್ಪ ಹಗ್ಗವಿಲ್ಲದೆ ಇಳಿದುಬಿಟ್ಟ. ನಿನ್ನೆಯ ಗಾಳಿಯನ್ನು ಕಾಳು ಆಗಲೇ ತಿಂದು ಮುಗಿಸಿತ್ತು.

ಕೂಗು ಕೇಳಿ ಓಡಿದೆವು. ಅವಳು ಏಣಿಯ ಮೇಲೆ ಕಾಲಿಟ್ಟಾಗಿತ್ತು. ಎಂದೂ ಓಡದ ನನ್ನ ಗೆಳೆಯ ಓಡಿಹೋಗಿ ಹಿಂದಿನಿಂದ ಅವಳನ್ನು ಬಾಚಿ ಹಿಡಿದ.

"ಬಿಡಪ್ಪಾ! ಕೈ ಆಡ್ತಿದೆ, ಬದುಕಿದ್ದಾರೆ!"

"ಫ್ಯಾನ್ ಹಾಕ್ರೋ!" ಎಂದು ಅವನು ಹುಡುಗರಿಗೆ ಕೂಗಿದ.

"ಸಾಯ್ತಾರಪ್ಪಾ!"

"ಸಾಯ್ಲಿ."

ಆ ಮಾತನ್ನು ನಾನು ಇಷ್ಟು ಹತ್ತಿರದಿಂದ ಕೇಳಬಾರದಿತ್ತು. ಅವಳು ಅವನ ಮುಂಗೈ ಕಚ್ಚಿದಳು, ಒದ್ದಳು. ಅವನು ಕಣ್ಣು ಮುಚ್ಚಿಕೊಂಡು ಹಿಡಿದೇ ಇದ್ದ. ಗಾಳಿ ಬೀಸುವ ಯಂತ್ರ ಕೆಮ್ಮಿ, ನಿಂತು, ಮತ್ತೆ ಹೊರಟಿತು. ಕೆಳಗೆ ಕಾಳಿನ ಮೇಲೆ ದೊಡ್ಡಪ್ಪನ ಬೆರಳುಗಳು ಆಡುವುದು ನಿಂತಿತು. ಗಾಳಿ ಪರೀಕ್ಷಿಸುವ ಯಂತ್ರ ಸರಿ ಎಂದ ಮೇಲೆ, ಮಗಳನ್ನು ನನ್ನ ಕೈಗೆ ಒಪ್ಪಿಸಿ, ಎದೆಗೆ ಹಗ್ಗ ಕಟ್ಟಿಕೊಂಡು ತಾನೇ ಇಳಿದ. ದೊಡ್ಡಪ್ಪನನ್ನು ಹೊತ್ತು ತಂದ. ತಡವಾಗಿತ್ತು.

ಅವಳು ಓದು ಬಿಡಲಿಲ್ಲ. ಅಪ್ಪನೊಡನೆ ಮಾತು ಬಿಟ್ಟಳು. ಒಂದೇ ಮೇಜಿನಲ್ಲಿ ಉಂಡು, ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳುವಂಥ ಮೌನ. ಅವನು ಅದರ ಬಗ್ಗೆ ದೂರಲಿಲ್ಲ. "ಇನ್ನೊಂದು ನಿಮಿಷ ಮೊದಲೇ ಇಳಿಯಬಹುದಿತ್ತೇನೋ" ಎಂದು ಮಾತ್ರ ಆಗಾಗ ನನ್ನನ್ನು ಕೇಳುತ್ತಿದ್ದ. ಹಾಗೇ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವಳು ನನ್ನ ಪಕ್ಕದಲ್ಲಿ ಕೂತು, "ಅವತ್ತು ಬಿಟ್ಟಿದ್ರೆ ನಾನೂ ಇರ್ತಿರಲಿಲ್ಲ, ಗೊತ್ತು ಮಾಮ. ಆದ್ರೂ ಕೋಪ ಹೋಗಿಲ್ಲ," ಎಂದಳು.

ಮಣ್ಣಿನ ಮೇಲಿನ ಪ್ರೀತಿಯಿಂದ ಈ ಓದಿಗೆ ಬಂದವರನ್ನು ನಾವು ವೇದಿಕೆ ಹತ್ತಿಸುತ್ತೇವೆ, ಕೆಲಸಕ್ಕಾಗಿ ಬಂದವರನ್ನು ಮನ್ನಿಸುತ್ತೇವೆ. ಹೆದರಿ ಬಂದವರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಹೊಟ್ಟೆಗೆ ಅನ್ನವಾಗಬೇಕಾದದ್ದೇ ಮನೆಯವರನ್ನು ನುಂಗಿದ್ದನ್ನು ಕಂಡವರು ಅವರು. ಅವರಿಗೆ ಧೈರ್ಯ ಎಂದೂ ಬರುವುದಿಲ್ಲ. ತಮ್ಮ ಭಯವನ್ನೇ ಒಪ್ಪವಾಗಿ ಕಲಿತು, ಇನ್ನೊಬ್ಬರಿಗೆ ಕಲಿಸಿ, ತಾವು ತಡೆದವರ ಕೋಪವನ್ನು ಹೊತ್ತು ಬದುಕುತ್ತಾರೆ. ಅವರು ಉಳಿಸಿದ ಜೀವ ಕಣ್ಣೆದುರೇ ಓಡಾಡಿಕೊಂಡು ಅವರನ್ನು ಬೈಯುತ್ತಿರುತ್ತದೆ. ಬೈಯುವಷ್ಟು ಉಸಿರು ಅದರಲ್ಲಿದೆಯಲ್ಲ ಎಂಬುದೊಂದೇ ಅವರ ಪಾಲಿನ ಸಮಾಧಾನ.