ಹಳದಿ ಗುಂಡಿಗಳ ಬಂಡವಾಳ

ದರ್ಜಿಯ ಮಗಳಿಗೆ ಮನೆಯಲ್ಲಿ ಸೂಜಿ ಎಂದೇ ಹೆಸರು. ಮಾತು ಅಷ್ಟು ಚೂಪು. ಅವಳಿಗೆ ಒಂಬತ್ತು ತುಂಬಿದ ದಿನ ಅಪ್ಪ ಖಾಲಿಯಾದ ಮೂರು ಬಿಸ್ಕತ್ತಿನ ಡಬ್ಬಿಗಳನ್ನು ತೊಳೆದು ಒರೆಸಿ ಅಂಗಡಿಯ ಕಪಾಟಿನ ಕೆಳಹಲಗೆಯಲ್ಲಿ ಇಟ್ಟ. ಒಂದು ಕೂಡಿಡಲು, ಒಂದು ವ್ಯಾಪಾರಕ್ಕೆ ಹಾಕಿ ಬೆಳೆಸಲು, ಇನ್ನೊಂದು ಕೊಡಲು. ನೂಲಿನ ಚೂರು ಗುಡಿಸಿ, ಬಟ್ಟೆ ಮಡಿಸಿ ಅವಳು ಗಳಿಸಿದ ಚಿಲ್ಲರೆ ಮೂರಕ್ಕೂ ಬೀಳಬೇಕು. ಒಂದರದ್ದು ಇನ್ನೊಂದಕ್ಕೆ ಹೋಗಬಾರದು. ತೋಳಿನ ಬಟ್ಟೆಯನ್ನು ಕಾಲರಿಗೆ ಕತ್ತರಿಸಿದರೆ ಅಂಗಿಯೇ ಕೆಡುತ್ತದೆ ಎಂದು ಅವನು ವಿವರಿಸಿದ್ದ.

ಕೂಡಿಡುವ ಡಬ್ಬಿಗೆ ಒಂದು ಗುರಿಯಿತ್ತು. ಮೇಲಿನ ಮಹಡಿಯ ಹುಡುಗಿಗೆ ಅವಳ ಗಾಲಿಯ ಸ್ಕೇಟ್ಸ್ ಚಿಕ್ಕವಾಗಿದ್ದವು. ಈ ಶನಿವಾರ ಬೆಳಗ್ಗೆಯೊಳಗೆ ದುಡ್ಡು ತಂದರೆ ನಿನಗೆ, ಇಲ್ಲದಿದ್ದರೆ ಪೇಪರ್ ಅಂಗಡಿಯವರ ಮಗಳಿಗೆ ಎಂದು ಆ ಹುಡುಗಿ ಹೇಳಿಟ್ಟಿದ್ದಳು.

ಬೆಳೆಸುವ ಡಬ್ಬಿಯ ಕಥೆ ಬೇರೆ. ಅಪ್ಪನ ಜೊತೆ ಸಗಟು ಅಂಗಡಿಗೆ ಹೋದಾಗ ಸೂಜಿ ಅದರಲ್ಲಿದ್ದದ್ದನ್ನೆಲ್ಲ ಸುರಿದು ಅಂಗಡಿಯಲ್ಲಿ ಮಾರಲು ಗುಂಡಿ ಕೊಂಡಿದ್ದಳು. ಬಿಳಿ ಗುಂಡಿ ತಗೋ, ದಿನಾ ಖರ್ಚಾಗುತ್ತೆ ಎಂದು ಅಪ್ಪ ಒಮ್ಮೆ ಹೇಳಿ ಸುಮ್ಮನಾದ. ಅವಳು ಆರಿಸಿದ್ದು ನಿಂಬೆಹಣ್ಣಿನ ಬಣ್ಣದ, ಹೂವಿನ ಆಕಾರದ ದಪ್ಪ ಗುಂಡಿಗಳನ್ನು. ಕಿಟಕಿಯ ಗಾಜಿನ ಭರಣಿಯಲ್ಲಿ ಅವು ಚೆನ್ನಾಗಿಯೇ ಕಂಡವು. ನೋಡಿದವರೆಲ್ಲ ಚೆನ್ನಾಗಿವೆ ಎಂದರು, ಬಿಳಿ ಗುಂಡಿ ಕೊಂಡು ಹೋದರು. ಮಳೆ ಮುಗಿದು ಚಳಿ ಶುರುವಾದರೂ ಭರಣಿಯಲ್ಲಿ ಒಂದು ಗುಂಡಿಯೂ ಕಡಿಮೆಯಾಗಲಿಲ್ಲ. ನಿನ್ನ ಗಿರಾಕಿಗಳಿಗೆ ಸಾಲಾಗಿ ನಿಲ್ಲೋಕೆ ಹೇಳೇ, ಜಾಗ ಸಾಲ್ತಿಲ್ಲ ಎಂದು ಧೂಳು ಒರೆಸುತ್ತ ಅಮ್ಮ ಕಿಚಾಯಿಸಿದಳು.

ಶುಕ್ರವಾರ ಸಂಜೆ ಕೂಡಿಡುವ ಡಬ್ಬಿ ಸುರಿದು ನೋಡಿದಾಗ ಸ್ಕೇಟ್ಸಿಗೆ ಸ್ವಲ್ಪ ಕಡಿಮೆ ಬಿತ್ತು. ಕೊಡುವ ಡಬ್ಬಿಯಲ್ಲಿ ಅಷ್ಟು ಇತ್ತು. ಅದು ಅನಾಥ ಮಕ್ಕಳ ಮನೆಗೆ ಸೇರಬೇಕಾದ ದುಡ್ಡು. ಅಪ್ಪನೂ ಪ್ರತಿ ಚಳಿಗಾಲಕ್ಕೆ ಅಲ್ಲಿಗೆ ಒಂದು ಗಂಟು ಬಟ್ಟೆ ಕೊಡುತ್ತಿದ್ದ. ಮರುದಿನ ಅಲ್ಲಿನ ಮೇಲ್ವಿಚಾರಕಿ ಬರುವವರಿದ್ದರು, ಈ ಸಲದ ಗಂಟು ಆಗಲೇ ಬಾಗಿಲ ಬಳಿ ಕೂತಿತ್ತು. ಸೂಜಿ ಭರಣಿಯನ್ನು ಇಳಿಸಿ ತಂದು ಅದರ ಪಕ್ಕದಲ್ಲಿಟ್ಟಳು.

ಗುಂಡಿ ಕೊಟ್ಟರೆ ಕೊಡುವ ಕೆಲಸ ಮುಗಿಯಿತು. ಆಗ ಕೊಡುವ ಡಬ್ಬಿಯ ದುಡ್ಡು ಮಿಗುತ್ತದೆ, ಅದು ಸ್ಕೇಟ್ಸಿಗೆ ಆಗುತ್ತದೆ ಎಂದು ಅಪ್ಪನಿಗೆ ಬಿಡಿಸಿ ಹೇಳಿದಳು. ಲೆಕ್ಕದಲ್ಲಿ ದರ್ಜಿಗೆ ತಪ್ಪು ಸಿಗಲಿಲ್ಲ. ಪರವಾಗಿಲ್ಲ, ವ್ಯಾಪಾರ ಕಲಿತೆ ಎಂದು ಒಪ್ಪಿಯೂ ಬಿಟ್ಟ.

ಅವನ ತಾಯಿ, ಸೂಜಿಯ ಅಜ್ಜಿ, ಇಸ್ತ್ರಿ ಮೇಜಿನ ಪಕ್ಕ ಕೂತು ಅಂಗಿಗೆ ಗುಂಡಿಯ ಕಾಜ ಹೊಲಿಯುತ್ತ ತನ್ನ ಸಂಜೆಯ ದೇವರ ಪದ್ಯ ಹೇಳಿಕೊಳ್ಳುತ್ತಿದ್ದಳು. ದಿನವೂ ಹೇಳುವ ಪದ್ಯ. ನಿಂತರೆ ಮಾತ್ರ ಮನೆಯವರಿಗೆ ಗೊತ್ತಾಗುತ್ತಿತ್ತು. ಈಗ ಅದು ಸಾಲಿನ ನಡುವೆ ನಿಂತಿತು.

"ಆ ಗುಂಡಿ ನಾಳೆ ಯಾರಾದ್ರೂ ಕೊಂಡ್ಕೊಳ್ತೀನಿ ಅಂದ್ರೆ ಮಾರ್ತೀಯೇನೇ?"

"ಮಾರ್ತೀನಿ. ಯಾರೂ ಕೇಳಲ್ವಲ್ಲ ಅಜ್ಜಿ."

"ಹಾಗಾದ್ರೆ ಇದು ಕೊಟ್ಟ ಹಾಗಲ್ಲ ಕಣೇ. ಕಸ ಗುಡಿಸಿ ಪಕ್ಕದ ಮನೆ ಬಾಗಿಲಿಗೆ ತಳ್ಳಿದ ಹಾಗೆ. ದೇವರೇನು ಬೇಡದ ಸಾಮಾನು ಎಸೆಯೋ ಅಟ್ಟಾನಾ?"

ಸೂಜಿ ಸುಮ್ಮನಿರುವ ಪೈಕಿಯವಳಲ್ಲ. ಭರಣಿಯನ್ನು ನೋಡಿದಳು, ಗಂಟನ್ನು ನೋಡಿದಳು.

"ಅಪ್ಪ, ಆ ಗಂಟಲ್ಲಿ ಏನಿದೆ?"

ದರ್ಜಿ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ನಿಲ್ಲಿಸಿದ. ಗಂಟಿನಲ್ಲಿದ್ದದ್ದು ಕಿಟಕಿಯ ಬಿಸಿಲಿಗೆ ಮಡಿಕೆಯುದ್ದಕ್ಕೂ ಬಿಳಿಚಿಕೊಂಡ ಬಟ್ಟೆ, ಅಳತೆ ತಪ್ಪಿ ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಅಂಗಿಗಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಅಜ್ಜಿಯೂ ಕೇಳಿರಲಿಲ್ಲ. ಅವಳು ಕಾಜದ ಮೇಲೆ ತಲೆ ಬಗ್ಗಿಸಿದಳು.

ದರ್ಜಿ ಎದ್ದು ಗಂಟು ಬಿಚ್ಚಿದ. ಇದ್ದದ್ದನ್ನೆಲ್ಲ ಒರೆಸುವ ಬಟ್ಟೆಯ ಬುಟ್ಟಿಗೆ ಹಾಕಿ, ಮೇಲಿನ ಹಲಗೆಯಿಂದ ಉಣ್ಣೆ ಬಟ್ಟೆಯ ಸುರುಳಿಯನ್ನು ಇಳಿಸಿದ. ಕೈಬಿಚ್ಚಿ ಖರ್ಚು ಮಾಡುವ ಗಿರಾಕಿಗಳಿಗೆಂದು ತರಿಸಿದ್ದು. ಅಮ್ಮ ಬೆಲೆ ನೆನಪಿಸಿದಳು. ಗೊತ್ತು ಎಂದು ಅವನು ಮಕ್ಕಳ ಕೋಟುಗಳಿಗೆ ಗುರುತು ಹಾಕಲು ಸೀಮೆಸುಣ್ಣ ಕೈಗೆತ್ತಿಕೊಂಡ.

"ಕೋಟಿಗೆ ಗುಂಡಿ ಬೇಕಲ್ಲಪ್ಪ," ಎಂದಳು ಸೂಜಿ. "ಆ ಕಂದು ಬಣ್ಣದ ಗಟ್ಟಿ ಗುಂಡಿಗೆ ಎಷ್ಟು?"

ಅವನು ಬೆಲೆ ಹೇಳಿದ. ಮಗಳೆಂದು ಒಂದು ಕಾಸೂ ಬಿಡಲಿಲ್ಲ. ಕೊಡುವ ಡಬ್ಬಿ ಖಾಲಿಯಾಯಿತು. ಶನಿವಾರ ನಾಳೆಯೇ ಎಂಬುದು ಎಲ್ಲರಿಗೂ ನೆನಪಿತ್ತು. ಅಜ್ಜಿಯ ಪದ್ಯ ನಿಂತ ಸಾಲಿನಿಂದ ಮುಂದುವರಿಯಿತು.

ಬೆಳಗ್ಗೆ ಮೇಲ್ವಿಚಾರಕಿ ಬರುವ ಹೊತ್ತಿಗೆ ಒಂದೇ ಕೋಟು ಸಿದ್ಧವಾಗಿತ್ತು. ಉಳಿದವು ಮುಂದಿನ ವಾರ ಎಂದು ದರ್ಜಿ ಸಂಕೋಚದಿಂದ ಹೇಳಿದ. ಹೋದ ವರ್ಷ ಇಡೀ ಗಂಟೇ ಕೊಟ್ಟಿದ್ರಲ್ಲ ಎಂದು ಆಕೆ ತುಸು ಬೇಸರದಲ್ಲೇ ಕೋಟನ್ನು ಮುಟ್ಟಿ ನೋಡಿದರು. ಮತ್ತೊಮ್ಮೆ ಮುಟ್ಟಿ ನೋಡಿ, ಜೋಪಾನವಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನ ಸೂಜಿ ಎರಡನೆಯ ಕೋಟಿಗೆ ಗುಂಡಿ ಹಚ್ಚುತ್ತಿದ್ದಾಗ ಬೀದಿಯಲ್ಲಿ ಗಾಲಿಗಳ ಸದ್ದಾಯಿತು. ಪೇಪರ್ ಅಂಗಡಿಯವರ ಮಗಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಸೂಜಿ ನೋಡಿದಳು. ಆಮೇಲೆ ನೂಲು ಕಚ್ಚಿ ಕತ್ತರಿಸಿದಳು.

ಹಳದಿ ಗುಂಡಿಗಳ ಭರಣಿ ಮತ್ತೆ ಕಿಟಕಿಯಲ್ಲಿತ್ತು. ಅದಕ್ಕೆ ಅವಳ ಅಕ್ಷರದ ಒಂದು ಚೀಟಿ ಅಂಟಿತ್ತು: ಬೆಲೆ ಇಳಿಸಿದೆ.